ಹಾಸಿಗೆ ಹೊತ್ತ ನಾಲ್ವರು



ಪ್ರತಿ ವರ್ಷ ಫೆಬ್ರವರಿ 11ರಂದು ನಾವು ಲೂರ್ದು ಮಾತೆಯ ಹಬ್ಬವನ್ನು ಆಚರಿಸುತ್ತೇವೆ. ಅದೇ ದಿನ ವಿಶ್ವ ರೋಗಿಗಳ ದಿನವೂ ಹೌದು. ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಈ ದಿನವನ್ನು ಘೋಷಿಸಿದರು. 1993ರಲ್ಲಿ ಅದರ ಮೊದಲ ಆಚರಣೆ ನಡೆಯಿತು. ಅಂದು ನಾವು ಬಲಿಪೂಜೆಯಲ್ಲಿ ರೋಗಿಗಳಿಗಾಗಿ ಪ್ರಾರ್ಥಿಸುತ್ತೇವೆ. ಹಣ್ಣುಹಂಪಲು ಹಿಡಿದು ಆಸ್ಪತ್ರೆಗೆ ಹೋಗಿ ಬರುತ್ತೇವೆ. ಇದೆಲ್ಲವೂ ಒಳ್ಳೆಯದೇ. ಆದರೆ ರೋಗಿಯ ಪಕ್ಕದಲ್ಲಿ ನಿಲ್ಲುವುದೆಂದರೆ ಇಷ್ಟೇ ಏನು?

ಕಫೆರ್ನವುಮ್ ಊರಿನ ಆ ಮನೆಯ ಘಟನೆ ನಮಗೆಲ್ಲ ಗೊತ್ತು. ಕೈಕಾಲು ಸ್ವಾಧೀನವಿಲ್ಲದ ಒಬ್ಬನನ್ನು ಹಾಸಿಗೆಯ ಸಮೇತ ಪ್ರಭು ಯೇಸುವಿನ ಬಳಿಗೆ ತರಲಾಯಿತು. ಬಾಗಿಲಲ್ಲಿ ಜನಜಂಗುಳಿ. ಹೊತ್ತು ತಂದವರು ಮಾಡು ಬಿಚ್ಚಿ ಅವನನ್ನು ಕೆಳಗಿಳಿಸಿದರು. ಈ ಭಾಗವನ್ನು ಓದುವಾಗ ನಾವು ಸಾಮಾನ್ಯವಾಗಿ ಗುಣವಾದವನನ್ನು ನೆನೆಯುತ್ತೇವೆ. ಇಂದು ಹೊತ್ತವರ ಕಡೆಗೆ ನೋಡೋಣ. ಅವರು ನಾಲ್ವರು. ಒಬ್ಬನಿಂದ ಆ ಕೆಲಸ ಆಗುತ್ತಿರಲಿಲ್ಲ. ಒಬ್ಬನು ತನ್ನ ಮೂಲೆಯನ್ನು ಬಿಟ್ಟಿದ್ದರೂ ರೋಗಿ ಬೀಳುತ್ತಿದ್ದ. ಜೊತೆಗೆ ಅವರು, ಇವತ್ತು ಗುಂಪು ಜಾಸ್ತಿ, ನಾಳೆ ಬರೋಣ ಎನ್ನಲಿಲ್ಲ.

ಇಂದಿಗೂ ಈ ಚಿತ್ರ ಅಕ್ಷರಶಃ ನಿಜವಾಗುವ ಒಂದು ಕಾಯಿಲೆ ಇದೆ. ಅದು ದೇಹದ ಬೇರೆ ಕಡೆಯ ಕ್ಯಾನ್ಸರ್ ಬೆನ್ನೆಲುಬಿಗೆ ಹರಡುವುದು. ಅಲ್ಲಿಯೂ ರೋಗಿಯ ಕಾಲುಗಳು ಸ್ವಾಧೀನ ತಪ್ಪಬಹುದು. ಅಲ್ಲಿಯೂ ಒಬ್ಬ ವೈದ್ಯರಿಂದ ಆಗದ ಕೆಲಸವನ್ನು ಹಲವರು ಕೂಡಿ ಮಾಡಬೇಕು. ಅಲ್ಲಿಯೂ ನಾಳೆ ಎನ್ನುವಂತಿಲ್ಲ. ನಮ್ಮ ಧರ್ಮಕೇಂದ್ರಗಳ ಪ್ರತಿ ಕುಟುಂಬಕ್ಕೂ ಇದು ತಿಳಿದಿರಲಿ ಎಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಬೆನ್ನೆಲುಬಿನಲ್ಲಿ ಆಗುವುದೇನು?

ನಮ್ಮ ಬೆನ್ನೆಲುಬು ಒಂದೇ ಮೂಳೆಯಲ್ಲ. ಜಪಸರದ ಮಣಿಗಳಂತೆ ಒಂದರ ಮೇಲೊಂದು ಕೂತ ಮೂಳೆಗಳ ಸಾಲು ಅದು. ಆ ಮಣಿಗಳ ಹಿಂಬದಿಯಲ್ಲಿರುವ ಕೊಳವೆಯೊಳಗೆ ಮೆದುಳಿನಿಂದ ಇಳಿದು ಬರುವ ಬೆನ್ನುಹುರಿ ಇದೆ. ಕಾಲು ಎತ್ತು ಎಂಬ ಆಜ್ಞೆ ಮೆದುಳಿನಿಂದ ಕಾಲಿಗೆ ಇಳಿಯುವುದು ಇದರ ಮೂಲಕ. ಕಾಲಿಗೆ ಮುಳ್ಳು ಚುಚ್ಚಿತು ಎಂಬ ಸುದ್ದಿ ಮೆದುಳಿಗೆ ಏರುವುದೂ ಇದರ ಮೂಲಕವೇ. ಮೂತ್ರ, ಮಲದ ಹಿಡಿತವೂ ಇದನ್ನೇ ಅವಲಂಬಿಸಿದೆ.

ಬೆನ್ನಿನ ಮೂಳೆಗಳ ಒಳಗೆ ರಕ್ತ ಹುಟ್ಟುವ ಮಜ್ಜೆ ತುಂಬಿರುತ್ತದೆ. ರಕ್ತದ ಓಡಾಟ ಅಲ್ಲಿ ಹೆಚ್ಚು. ಆದ್ದರಿಂದ ಕ್ಯಾನ್ಸರಿನ ಕಣಗಳು ರಕ್ತದ ಜೊತೆ ಹೊರಟಾಗ ಅಲ್ಲಿ ಬೇರೂರುವುದು ಸುಲಭ. ಮೂಳೆಗಳಿಗೆ ಹರಡುವ ಕ್ಯಾನ್ಸರ್ ಅತಿ ಹೆಚ್ಚಾಗಿ ಸೇರುವ ಜಾಗ ಬೆನ್ನೆಲುಬೇ. ಸ್ತನ, ಶ್ವಾಸಕೋಶ ಮತ್ತು ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್‌ಗಳು ಇದರಲ್ಲಿ ಮುಂದು. ಮೂತ್ರಪಿಂಡ ಮತ್ತು ಥೈರಾಯ್ಡ್ ಕ್ಯಾನ್ಸರ್‌ಗಳೂ ಹೀಗೆ ಹರಡುತ್ತವೆ. ಮಜ್ಜೆಯಲ್ಲೇ ಹುಟ್ಟುವ ಮೈಲೋಮಾ ಎಂಬ ಕಾಯಿಲೆಯೂ ಬೆನ್ನಿನ ಮೂಳೆಗಳನ್ನು ತಿನ್ನುತ್ತದೆ.

ಹರಡಿದ ಗಡ್ಡೆಯಿಂದ ಎರಡು ಅಪಾಯಗಳಿವೆ. ಗೆದ್ದಲು ತಿಂದ ತೊಲೆಯಂತೆ ಮೂಳೆ ಒಳಗೊಳಗೆ ಸವೆದು ಒಂದು ದಿನ ಕುಸಿಯಬಹುದು. ಇಲ್ಲವೇ ಗಡ್ಡೆ ಹಿಂದಕ್ಕೆ ಬೆಳೆದು ಬೆನ್ನುಹುರಿಯನ್ನು ಒತ್ತಬಹುದು. ನೀರು ಹರಿಯುವ ರಬ್ಬರ್ ಕೊಳವೆಯ ಮೇಲೆ ಕಾಲಿಟ್ಟರೆ ಮುಂದಿನ ಗಿಡಕ್ಕೆ ನೀರು ಹೋಗುವುದಿಲ್ಲ. ಹಾಗೆಯೇ ಒತ್ತಿದ ಜಾಗದಿಂದ ಕೆಳಗೆ ಕಾಲುಗಳು ಸೋಲುತ್ತವೆ. ಒತ್ತಡ ಬೇಗ ತೆಗೆದರೆ ಹುರಿ ಚೇತರಿಸಿಕೊಳ್ಳುತ್ತದೆ. ತಡವಾದರೆ ಅದು ಒಳಗೇ ಸಾಯುತ್ತದೆ. ಆಮೇಲೆ ಎಷ್ಟು ದೊಡ್ಡ ಆಸ್ಪತ್ರೆಗೆ ಹೋದರೂ ಮರಳಿ ಬರುವುದು ಕಷ್ಟ.

ಕಮಲಾಪುರದ ಒಂದು ಮನೆ

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಇದು ಯಾವುದೇ ಒಂದು ಕುಟುಂಬದ ಕಥೆಯಲ್ಲ, ಯಾರ ಮನೆಯಲ್ಲಾದರೂ ನಡೆಯಬಹುದಾದದ್ದು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ಒಬ್ಬ ತಾಯಿ ಇದ್ದಾರೆ ಎಂದುಕೊಳ್ಳೋಣ. ನಾಲ್ಕು ವರ್ಷದ ಹಿಂದೆ ಅವರಿಗೆ ಸ್ತನ ಕ್ಯಾನ್ಸರಿನ ಚಿಕಿತ್ಸೆ ಆಗಿದೆ. ಈಗ ಆರಾಮವಾಗಿದ್ದಾರೆ. ಹೊಲ, ಮನೆ, ಮೊಮ್ಮಕ್ಕಳು ಎಂದು ಓಡಾಡುತ್ತಿದ್ದಾರೆ.

ತೊಗರಿ ರಾಶಿಯ ಹೊತ್ತಿಗೆ ಬೆನ್ನಿನ ನಡುಭಾಗದಲ್ಲಿ ನೋವು ಶುರುವಾಗುತ್ತದೆ. ಕೆಲಸ ಜಾಸ್ತಿಯಾಗಿದೆ ಎಂದು ಮನೆಯವರು ಹೇಳುತ್ತಾರೆ. ಸೊಸೆ ಎಣ್ಣೆ ಕಾಸಿ ತಿಕ್ಕುತ್ತಾಳೆ. ಮಗ ಔಷಧಿ ಅಂಗಡಿಯಿಂದ ಗುಳಿಗೆ ತರುತ್ತಾನೆ. ವಿಚಿತ್ರವೆಂದರೆ ಹಗಲಿಗಿಂತ ರಾತ್ರಿ ಮಲಗಿದಾಗಲೇ ನೋವು ಹೆಚ್ಚು. ಕೆಮ್ಮಿದರೆ, ಸೀನಿದರೆ ಜೀವ ಹೋದಂತಾಗುತ್ತದೆ. ಎದೆಯ ಸುತ್ತ ಪಟ್ಟಿ ಬಿಗಿದಂತೆ ಅನಿಸುತ್ತದೆ. ವಾರಗಳು ಉರುಳುತ್ತವೆ. ಒಂದು ಶನಿವಾರ ಅಂಗಳ ದಾಟುವಾಗ ಕಾಲಿನ ಚಪ್ಪಲಿ ಕಳಚಿ ಬೀಳುತ್ತದೆ. ಅದು ಕಳಚಿದ್ದೇ ಅವರಿಗೆ ತಿಳಿಯುವುದಿಲ್ಲ. ಸಂಜೆ ಹೊಸ್ತಿಲು ದಾಟಲು ಗೋಡೆ ಹಿಡಿಯಬೇಕಾಗುತ್ತದೆ.

ಆಗ ಮನೆಯಲ್ಲಿ ಬರುವ ಮಾತು ಯಾವುದು? "ಸೋಮವಾರ ನೋಡೋಣ." ನಾಳೆ ಭಾನುವಾರ, ವೈದ್ಯರು ಸಿಗುವುದಿಲ್ಲ, ಕೈಯಲ್ಲಿ ದುಡ್ಡಿಲ್ಲ, ಮಗನಿಗೆ ರಜೆ ಇಲ್ಲ. ಕಾರಣಗಳು ಸುಳ್ಳಲ್ಲ. ಆದರೆ ಆ ತಾಯಿ ಭಾನುವಾರ ರಾತ್ರಿ ಎದ್ದು ನಿಲ್ಲಲಾರರು. ಸೋಮವಾರ ಬೆಳಗ್ಗೆ ಅವರಿಗೆ ಮೂತ್ರ ಕಟ್ಟಿರುತ್ತದೆ. ಎರಡು ರಾತ್ರಿಗಳಲ್ಲಿ ಒಂದು ಜೀವದ ಸ್ವಾತಂತ್ರ್ಯವೇ ಕೈಜಾರಿ ಹೋಗಿರುತ್ತದೆ.

ಆದ್ದರಿಂದ ಈ ಗುರುತುಗಳನ್ನು ದಯವಿಟ್ಟು ನೆನಪಿಡಿ. ಹಿಂದೆ ಎಂದಾದರೂ ಕ್ಯಾನ್ಸರ್ ಇದ್ದವರಿಗೆ, ಅದು ಎಷ್ಟೇ ವರ್ಷಗಳ ಹಿಂದಿನದಾಗಿರಲಿ:

1. ಕುತ್ತಿಗೆಯಲ್ಲಿ ಅಥವಾ ಬೆನ್ನಿನಲ್ಲಿ ಹೊಸದಾಗಿ ಬಂದ, ದಿನೇ ದಿನೇ ಏರುವ ನೋವು. ಮಲಗಿದಾಗ, ಕೆಮ್ಮಿದಾಗ, ಮುಕ್ಕರಿದಾಗ ಹೆಚ್ಚುವ ನೋವು.
2. ಎದೆ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಕಟ್ಟಿದಂತಹ ಬಿಗಿತ.
3. ಕಾಲು ಭಾರವಾಗುವುದು, ಮೆಟ್ಟಿಲು ಹತ್ತಲಾಗದಿರುವುದು, ನಡಿಗೆ ತಡವರಿಸುವುದು.
4. ಕಾಲು ಜೋಮು ಹಿಡಿಯುವುದು, ಚಪ್ಪಲಿ ಜಾರಿದರೂ ತಿಳಿಯದಿರುವುದು.
5. ಮೂತ್ರ ಕಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು.

ಬೆನ್ನುಹುರಿ ಒತ್ತಿಹೋದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಮೊದಲು ಬರುವುದು ನೋವೇ. ಕಾಲು ಸೋಲುವುದಕ್ಕೆ ವಾರಗಳ ಮೊದಲೇ ಅದು ಎಚ್ಚರಿಸುತ್ತದೆ. ಮೊದಲ ಗುರುತು ಮಾತ್ರ ಇದ್ದರೆ ಕೆಲವೇ ದಿನಗಳಲ್ಲಿ ಕ್ಯಾನ್ಸರ್ ವೈದ್ಯರನ್ನು ಕಾಣಬೇಕು. ಉಳಿದ ನಾಲ್ಕರಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೊರಡಬೇಕು. ಅದು ಹಬ್ಬದ ದಿನವಾದರೂ ಸರಿ, ನಡುರಾತ್ರಿಯಾದರೂ ಸರಿ.

ಇನ್ನೊಂದು ಮಾತು. ಹೀಗೆ ಬೆನ್ನುಹುರಿ ಒತ್ತಿಹೋದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ತಮ್ಮಲ್ಲಿ ಕ್ಯಾನ್ಸರ್ ಇದೆ ಎಂದು ಗೊತ್ತಾಗುವುದೇ ಆಗ. ನಮ್ಮ ನಾಡಿನಲ್ಲಿ ಬೆನ್ನೆಲುಬಿನ ಕ್ಷಯರೋಗವೂ ಹೀಗೆಯೇ ತೋರುತ್ತದೆ. ಅದಕ್ಕೆ ಬೇರೆಯೇ ಔಷಧಿ ಇದೆ. ಅದರಿಂದ ನಾವೇ ಊಹಿಸಿಕೊಂಡು ಕುಳಿತುಕೊಳ್ಳಬಾರದು. ಬೆನ್ನು ತುಳಿಸುವುದು, ಎಳೆಸುವುದು, ಜೋರಾಗಿ ತಿಕ್ಕಿಸುವುದು ಬೇಡವೇ ಬೇಡ. ಸವೆದ ಮೂಳೆ ಅದರಿಂದಲೇ ಕುಸಿಯಬಹುದು.

ಆತುರ ಏಕೆ?

ಈ ಕಾಯಿಲೆಯ ಬಗ್ಗೆ ಜಗತ್ತಿನ ವೈದ್ಯರೆಲ್ಲ ಒಪ್ಪುವ ಒಂದು ಮಾತಿದೆ. ಚಿಕಿತ್ಸೆ ಶುರುವಾಗುವ ಹೊತ್ತಿಗೆ ನಡೆಯುತ್ತಿದ್ದವರಲ್ಲಿ ಹೆಚ್ಚಿನವರು ಆಮೇಲೂ ನಡೆಯುತ್ತಾರೆ. ಕಾಲು ಪೂರ್ತಿ ಬಿದ್ದ ಮೇಲೆ ಬಂದವರಲ್ಲಿ ಮತ್ತೆ ಏಳುವವರು ಕಡಿಮೆ. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ 2008ರಲ್ಲಿ ಬಂತು, 2023ರಲ್ಲಿ ಪರಿಷ್ಕೃತವಾಯಿತು. ಅದರ ಪ್ರಕಾರ ಬೆನ್ನುಹುರಿ ಒತ್ತಿಹೋಗಿದೆ ಎಂಬ ಸಂಶಯ ಬಂದರೆ 24 ಗಂಟೆಯೊಳಗೆ ಇಡೀ ಬೆನ್ನೆಲುಬಿನ ಎಂಆರ್‌ಐ ತೆಗೆಯಬೇಕು. ಇಡೀ ಬೆನ್ನೆಲುಬು ಏಕೆಂದರೆ ಗಡ್ಡೆ ಒಂದಕ್ಕಿಂತ ಹೆಚ್ಚು ಕಡೆ ಇರಬಹುದು. ಸೊಂಟ ನೋಯುತ್ತಿದೆ ಎಂದು ಸೊಂಟದ ಎಕ್ಸ್‌ರೇ ಮಾತ್ರ ತೆಗೆಸಿದರೆ ಮೇಲಿನದು ತಪ್ಪಿಹೋಗುತ್ತದೆ. ಎಕ್ಸ್‌ರೇ ಸರಿಯಾಗಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದೂ ಅಲ್ಲ.

2005ರಲ್ಲಿ ಅಮೆರಿಕದ ವೈದ್ಯರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಬೆನ್ನುಹುರಿ ಒಂದೇ ಕಡೆ ಒತ್ತಿಹೋಗಿದ್ದ 101 ರೋಗಿಗಳಲ್ಲಿ ಅರ್ಧ ಮಂದಿಗೆ ವಿಕಿರಣ ಚಿಕಿತ್ಸೆ ಮಾತ್ರ ಕೊಡಲಾಯಿತು. ಉಳಿದವರಿಗೆ ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ವಿಕಿರಣ. ಎರಡೂ ಆದವರಲ್ಲಿ ನೂರಕ್ಕೆ 84 ಮಂದಿ ನಡೆಯಬಲ್ಲವರಾದರು. ವಿಕಿರಣ ಮಾತ್ರ ಪಡೆದವರಲ್ಲಿ ನೂರಕ್ಕೆ 57 ಮಂದಿ. ಆದರೆ ಕಾಲು ಪೂರ್ತಿ ಬಿದ್ದು 48 ಗಂಟೆ ದಾಟಿದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಳ್ಳಲೇ ಇಲ್ಲ. ಶನಿವಾರ ರಾತ್ರಿಯಿಂದ ಸೋಮವಾರ ರಾತ್ರಿಗೆ ಎಷ್ಟು ಗಂಟೆ ಎಂದು ನಾವೇ ಲೆಕ್ಕ ಹಾಕಿಕೊಳ್ಳೋಣ.

ಒಬ್ಬ ವೈದ್ಯರು ಏಕೆ ಸಾಲದು?

ಹಾಗಾದರೆ ಎಲ್ಲರಿಗೂ ಶಸ್ತ್ರಚಿಕಿತ್ಸೆ ಮಾಡಿಸಿದರಾಯಿತಲ್ಲ ಎಂದು ಕೇಳಬಹುದು. ಹಾಗಲ್ಲ. ಇಲ್ಲಿ ನಾಲ್ಕು ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಹುಡುಕಬೇಕಾಗುತ್ತದೆ. ಮೊದಲನೆಯದು, ಬೆನ್ನುಹುರಿ ಎಷ್ಟು ಒತ್ತಿಹೋಗಿದೆ? ಎರಡನೆಯದು, ಈ ಜಾತಿಯ ಕ್ಯಾನ್ಸರ್ ವಿಕಿರಣಕ್ಕೆ ಕರಗುವಂಥದ್ದೇ, ಔಷಧಿಗೆ ಬಗ್ಗುವಂಥದ್ದೇ? ಮೂರನೆಯದು, ಮೂಳೆ ದೇಹದ ಭಾರ ತಡೆಯುವಷ್ಟು ಗಟ್ಟಿ ಉಳಿದಿದೆಯೇ? ನಾಲ್ಕನೆಯದು, ರೋಗಿಯ ಒಟ್ಟು ದೇಹಸ್ಥಿತಿ ಹೇಗಿದೆ, ಚಿಕಿತ್ಸೆಯನ್ನು ತಾಳಿಕೊಳ್ಳಬಲ್ಲರೇ, ಮುಂದೆ ಎಷ್ಟು ಕಾಲ ಬಾಳುವ ನಿರೀಕ್ಷೆ ಇದೆ?

ಈ ನಾಲ್ಕರ ಉತ್ತರ ಒಬ್ಬರಲ್ಲಿ ಇರುವುದಿಲ್ಲ. ಚಿತ್ರ ಓದುವವರು ರೇಡಿಯಾಲಜಿ ವೈದ್ಯರು. ಗಡ್ಡೆಯ ಜಾತಿ ಹೇಳುವವರು ರೋಗಪರೀಕ್ಷಾ ವೈದ್ಯರು. ಒತ್ತಡ ತೆಗೆದು ರಾಡು, ಸ್ಕ್ರೂ ಹಾಕಿ ಬೆನ್ನು ನಿಲ್ಲಿಸುವವರು ಬೆನ್ನೆಲುಬಿನ ಶಸ್ತ್ರಚಿಕಿತ್ಸಕರು. ಕಿರಣಗಳಿಂದ ಗಡ್ಡೆ ಕುಗ್ಗಿಸುವವರು ವಿಕಿರಣ ತಜ್ಞರು. ಕೀಮೋ, ಹಾರ್ಮೋನು, ಮೂಳೆ ಗಟ್ಟಿಮಾಡುವ ಔಷಧಿ ನಿರ್ಧರಿಸುವವರು ಕ್ಯಾನ್ಸರ್ ಔಷಧ ತಜ್ಞರು. ನೋವು ತಣಿಸುವವರು ಉಪಶಾಮಕ ಆರೈಕೆಯವರು. ಕಾಲಿಗೆ ಮತ್ತೆ ನಡಿಗೆ ಕಲಿಸುವವರು ಫಿಜಿಯೋಥೆರಪಿಯವರು. ಹಗಲೂ ರಾತ್ರಿ ರೋಗಿಯ ಮೈ ಕಾಯುವವರು ದಾದಿಯರು. ಇವರೆಲ್ಲ ಒಂದೇ ಮೇಜಿನ ಸುತ್ತ ಕುಳಿತು ಒಂದೇ ತೀರ್ಮಾನಕ್ಕೆ ಬರುವುದನ್ನೇ ತಂಡದ ಆರೈಕೆ ಎನ್ನುತ್ತಾರೆ.

ಇದರಿಂದ ಆಗುವ ವ್ಯತ್ಯಾಸವೇನು? ಮೂವರು ರೋಗಿಗಳ ಎಂಆರ್‌ಐ ಹೆಚ್ಚು ಕಡಿಮೆ ಒಂದೇ ತರಹ ಇದೆ ಎಂದುಕೊಳ್ಳೋಣ. ಒಬ್ಬರಿಗೆ ಮೈಲೋಮಾ, ಅದು ವಿಕಿರಣಕ್ಕೂ ಔಷಧಿಗೂ ಬೇಗ ಕರಗುತ್ತದೆ, ಮೂಳೆ ಗಟ್ಟಿ ಇದ್ದರೆ ಕತ್ತರಿ ಬೇಡವಾಗಬಹುದು. ಇನ್ನೊಬ್ಬರಿಗೆ ಮೂತ್ರಪಿಂಡದ ಕ್ಯಾನ್ಸರ್. ಸಾಧಾರಣ ವಿಕಿರಣಕ್ಕೆ ಅದು ಸುಲಭವಾಗಿ ಬಗ್ಗದು, ಮೂಳೆಯೂ ಕುಸಿದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮೂರನೆಯವರು ತೀರ ಬಳಲಿದ್ದಾರೆ. ದೊಡ್ಡ ಶಸ್ತ್ರಚಿಕಿತ್ಸೆಯ ಗಾಯ ಮಾಯುವಷ್ಟೂ ಸಮಯ ಅವರಿಗಿಲ್ಲ. ಅವರಿಗೆ ಒಂದು ಸಲದ ವಿಕಿರಣ, ಒಳ್ಳೆಯ ನೋವುಪರಿಹಾರ ಮತ್ತು ಮನೆಯವರ ಮಡಿಲೇ ಸರಿಯಾದ ಚಿಕಿತ್ಸೆ. ಒಬ್ಬರೇ ವೈದ್ಯರು ತಮಗೆ ತಿಳಿದ ಒಂದನ್ನೇ ಎಲ್ಲರಿಗೂ ಮಾಡಿದರೆ ಈ ಮೂವರಲ್ಲಿ ಇಬ್ಬರಿಗೆ ಅನ್ಯಾಯವಾಗುತ್ತದೆ.

ಆದ್ದರಿಂದ ಶಸ್ತ್ರಚಿಕಿತ್ಸೆ ಬೇಡ ಎಂದು ತಂಡ ಹೇಳಿದರೆ, ಕೈಬಿಟ್ಟರು ಎಂದು ನಾವು ತಿಳಿಯಬಾರದು. ಬೇಡ ಎನ್ನುವುದೂ ಕೆಲವೊಮ್ಮೆ ಆರೈಕೆಯೇ. ಹಾಗೆಂದು ಕಾರಣ ಕೇಳಲು ಹಿಂಜರಿಯಲೂ ಬಾರದು. "ಬೆನ್ನೆಲುಬಿನ ವೈದ್ಯರೂ ವಿಕಿರಣದ ವೈದ್ಯರೂ ಇಬ್ಬರೂ ನೋಡಿದ್ದಾರೆಯೇ?" ಇದೊಂದು ಪ್ರಶ್ನೆಯನ್ನು ವಿನಯದಿಂದ ಕೇಳುವ ಹಕ್ಕು ಪ್ರತಿ ಕುಟುಂಬಕ್ಕೂ ಇದೆ.

ಕಮಲಾಪುರದಿಂದ ಕಲಬುರಗಿಗೆ

ಈಗ ನಮ್ಮ ನೆಲಕ್ಕೆ ಬರೋಣ. ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಹುಮನಾಬಾದಿನ ಹೆದ್ದಾರಿಯಲ್ಲಿ ಕಲಬುರಗಿಯಿಂದ ಸುಮಾರು 35ರಿಂದ 40 ಕಿಲೋಮೀಟರ್ ದೂರ, ಒಂದು ಗಂಟೆಯ ದಾರಿ. ಕಲಬುರಗಿಯಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವಿದೆ. ಸರ್ಕಾರದ ಜಿಮ್ಸ್ ಆಸ್ಪತ್ರೆ ಇದೆ, ಕಾರ್ಮಿಕ ವಿಮೆಯವರಿಗೆ ಇಎಸ್‌ಐ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಖಾಸಗಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಇವೆ. ಬೆಂಗಳೂರಾದರೋ ಒಂದು ರಾತ್ರಿಯ ರೈಲು ಪ್ರಯಾಣದ ದೂರ. ಆದ್ದರಿಂದ ಕಾಲು ಸೋಲುತ್ತಿರುವ ರೋಗಿಯನ್ನು ದೊಡ್ಡ ಊರಿನ ಹೆಸರು ಕೇಳಿ ನೇರ ರೈಲು ಹತ್ತಿಸುವುದಕ್ಕಿಂತ ಮೊದಲು ಕಲಬುರಗಿಯಲ್ಲೇ ತೋರಿಸಿ, ಎಂಆರ್‌ಐ ಮಾಡಿಸಿ, ಬೆನ್ನುಹುರಿಯ ಊತ ಇಳಿಸುವ ಸ್ಟಿರಾಯ್ಡ್ ಔಷಧಿ ಬೇಕೇ ಎಂದು ವೈದ್ಯರಿಂದ ತಿಳಿದುಕೊಳ್ಳುವುದು ಜಾಣತನ. ಮುಂದೆ ಎಲ್ಲಿಗೆ ಹೋಗಬೇಕೆಂದು ಅವರೇ ಹೇಳಲಿ. ಹೋಗುವ ಆಸ್ಪತ್ರೆಗೆ ಅವರೇ ಫೋನು ಮಾಡಿ ತಿಳಿಸಲಿ.

ಪ್ರಯಾಣವೂ ಚಿಕಿತ್ಸೆಯ ಒಂದು ಭಾಗ. ನೋವಿನ ಜೊತೆ ಕಾಲು ಸೋಲುತ್ತಿರುವವರನ್ನು ಟಂಟಂನಲ್ಲಿ ಕೂರಿಸಿ, ಬೈಕಿನ ನಡುವೆ ಹಿಡಿದು ಕೂರಿಸಿ ಕರೆದೊಯ್ಯಬಾರದು. 108 ಆಂಬುಲೆನ್ಸ್ ಕರೆಯಬೇಕು. ಅಂಗಾತ ಮಲಗಿಸಬೇಕು. ಎತ್ತುವಾಗ ಇಬ್ಬರಲ್ಲ, ನಾಲ್ವರು ಬೇಕು. ತಲೆ, ಭುಜ, ಸೊಂಟ, ಕಾಲು ಒಂದೇ ನೇರದಲ್ಲಿ, ಮರದ ದಿಮ್ಮಿ ಉರುಳಿಸಿದಂತೆ, ಒಟ್ಟಿಗೆ ತಿರುಗಬೇಕು. ಕಫೆರ್ನವುಮಿನ ನಾಲ್ವರನ್ನು ಇಲ್ಲಿ ನೆನೆಯಬಹುದು.

ಹಣದ ಮಾತು. ನಮ್ಮ ಭಾಗಕ್ಕೆ ಒಂದು ನೆನಪಿದೆ. ಬಡತನ ರೇಖೆಗಿಂತ ಕೆಳಗಿನವರಿಗೆ ಕ್ಯಾನ್ಸರ್, ಹೃದ್ರೋಗ ಮುಂತಾದ ದೊಡ್ಡ ಕಾಯಿಲೆಗಳ ಉಚಿತ ಚಿಕಿತ್ಸೆಯ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಶುರುವಾದದ್ದು ಅಂದಿನ ಗುಲಬರ್ಗಾ ವಿಭಾಗದಲ್ಲೇ. ಈಗ ಅದರ ಜಾಗದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ನೋಂದಾಯಿತ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರರು ಇರುತ್ತಾರೆ. ಅವರನ್ನು ಮೊದಲು ಕಾಣಬೇಕು. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳುತ್ತಾರೆ. ತುರ್ತು ಇದ್ದಾಗಿನ ನಿಯಮವೇ ಬೇರೆ, ಕೇಳಿ ತಿಳಿಯಿರಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ಪ್ರಯಾಣದರದಲ್ಲಿ ರಿಯಾಯಿತಿ ಇದೆ. ವೈದ್ಯರು ಸಹಿ ಮಾಡಿದ ನಮೂನೆ ಬೇಕು.

ಇನ್ನೊಂದು ಮುಖ್ಯ ವಿಷಯ ಕಾಗದಪತ್ರ. ನಾಲ್ಕು ವರ್ಷದ ಹಿಂದಿನ ಬಯಾಪ್ಸಿ ವರದಿ, ಡಿಸ್ಚಾರ್ಜ್ ಚೀಟಿ, ಯಾವ ವಿಕಿರಣ ಎಲ್ಲಿಗೆ ಕೊಟ್ಟರೆಂಬ ವಿವರ, ರೇಷನ್ ಕಾರ್ಡ್, ಆಧಾರ್. ಇವೆಲ್ಲ ಒಂದೇ ಚೀಲದಲ್ಲಿ, ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿರಲಿ. ಆ ಚೀಲ ಸಿಗದೆ ಕಳೆದ ಒಂದು ದಿನವೂ ರೋಗಿಯ ಕಾಲಿನ ಒಂದು ದಿನವೇ.

ವಿಕಿರಣಕ್ಕೆ ಬಹಳ ದಿನ ಓಡಾಡಬೇಕಲ್ಲ ಎಂದು ಹೆದರಿ ಹಳ್ಳಿಯವರು ಅರ್ಧಕ್ಕೇ ಬಿಡುವುದುಂಟು. 2019ರಲ್ಲಿ ಪ್ರಕಟವಾದ, 686 ರೋಗಿಗಳ ಒಂದು ಅಧ್ಯಯನ ಇಲ್ಲಿ ಧೈರ್ಯ ಕೊಡುತ್ತದೆ. ಶಸ್ತ್ರಚಿಕಿತ್ಸೆ ಮಾಡದ ರೋಗಿಗಳಲ್ಲಿ ಕೆಲವರಿಗೆ ಒಂದೇ ಸಲ, ಉಳಿದವರಿಗೆ ಐದು ದಿನ ವಿಕಿರಣ ಕೊಟ್ಟು ನೋಡಿದರು. ಎಂಟು ವಾರದ ನಂತರ ನಡೆಯುತ್ತಿದ್ದವರು ಒಂದೇ ಸಲ ಪಡೆದವರಲ್ಲಿ ನೂರಕ್ಕೆ 69, ಐದು ದಿನ ಪಡೆದವರಲ್ಲಿ ನೂರಕ್ಕೆ 73. ಅಂತರ ಚಿಕ್ಕದು. ಎಲ್ಲರಿಗೂ ಒಂದೇ ಸಲ ಸಾಕು ಎಂದು ಇದರ ಅರ್ಥವಲ್ಲ. ಆದರೆ ಊರು ದೂರ, ದೇಹ ಬಳಲಿದೆ ಎಂದು ವೈದ್ಯರಿಗೆ ಬಿಚ್ಚಿ ಹೇಳಿದರೆ ಅವರು ಅದಕ್ಕೂ ದಾರಿ ಹುಡುಕಬಲ್ಲರು.

ಮನೆಗೆ ಬಂದ ಮೇಲೆ

ಆಸ್ಪತ್ರೆಯ ತಂಡದ ಕೆಲಸ ಮುಗಿದಲ್ಲಿ ಮನೆಯ ತಂಡದ ಕೆಲಸ ಶುರುವಾಗುತ್ತದೆ. ಕಾಲು ಚೇತರಿಸದೆ ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು; ಇಲ್ಲವಾದರೆ ಸೊಂಟ, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣಾಗುತ್ತದೆ. ಚರ್ಮ ಕೆಂಪಾದುದನ್ನು ಮೊದಲ ದಿನವೇ ಗಮನಿಸಬೇಕು. ಮೂತ್ರದ ನಳಿಕೆಯನ್ನು ದಾದಿ ತೋರಿಸಿದಂತೆಯೇ ಶುಚಿಯಾಗಿಡಬೇಕು. ಮಲಬದ್ಧತೆಗೆ ಔಷಧಿ ತಪ್ಪಿಸಬಾರದು. ಒಂದು ಕಾಲು ಊದಿಕೊಂಡರೆ ಅಥವಾ ಏಕಾಏಕಿ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದು, ಆಸ್ಪತ್ರೆಗೆ ತಿಳಿಸಬೇಕು. ಸ್ಟಿರಾಯ್ಡ್ ಗುಳಿಗೆಗಳನ್ನು ನಾವೇ ಹಠಾತ್ತನೆ ನಿಲ್ಲಿಸಬಾರದು.

ನೋವಿನ ಗುಳಿಗೆಯನ್ನು ನೋವು ಬಂದಾಗಲಲ್ಲ, ಗಡಿಯಾರ ನೋಡಿ ಕೊಡಬೇಕು. ಮಾರ್ಫಿನ್ ಎಂದರೆ ನಮ್ಮ ಜನ ಹೆದರುತ್ತಾರೆ. ಅದು ಕೊನೆಯ ಔಷಧಿ, ಕೊಟ್ಟರೆ ಪ್ರಾಣ ಹೋಗುತ್ತದೆ, ಚಟ ಹಿಡಿಯುತ್ತದೆ ಎನ್ನುತ್ತಾರೆ. ತಜ್ಞರ ಲೆಕ್ಕದ ಪ್ರಕಾರ ಕೊಟ್ಟಾಗ ಕ್ಯಾನ್ಸರ್ ನೋವಿಗೆ ಅದು ಸುರಕ್ಷಿತ ಔಷಧಿ. ಹಿಂದೆ ಕಾನೂನಿನ ಬಿಗಿಯಿಂದ ಅದು ಸಿಗುವುದು ಬಹಳ ಕಷ್ಟವಾಗಿತ್ತು. 2014ರಲ್ಲಿ ನಮ್ಮ ಸಂಸತ್ತು ಮಾದಕವಸ್ತು ಕಾಯಿದೆಯನ್ನು ತಿದ್ದಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅದನ್ನು ಇಟ್ಟುಕೊಂಡು ಕೊಡುವ ದಾರಿಯನ್ನು ಸುಲಭ ಮಾಡಿತು. ನೋವು ನುಂಗಿಕೊಂಡಿರುವುದೇ ಪುಣ್ಯ ಎಂದು ರೋಗಿಗೆ ಬೋಧಿಸುವ ಅಧಿಕಾರ ಆರೋಗ್ಯವಂತರಾದ ನಮಗಿಲ್ಲ.

ಮುಚ್ಚಿಡುವ ಮಾತು

ಇನ್ನೊಂದು ಕಷ್ಟದ ವಿಷಯ. ಎಷ್ಟೋ ಮನೆಗಳಲ್ಲಿ ರೋಗಿಯನ್ನು ಬಿಟ್ಟು ಉಳಿದವರಿಗೆಲ್ಲ ವಿಷಯ ಗೊತ್ತಿರುತ್ತದೆ. "ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ, ಎದೆಯೊಡೆದು ಹೋಗುತ್ತಾಳೆ." ಇದು ಪ್ರೀತಿಯ ಮಾತೇ. ಆದರೆ ಕಾಲು ಅವರದು, ಬೆನ್ನು ಅವರದು, ಉಳಿದ ದಿನಗಳೂ ಅವರವು. ಶಸ್ತ್ರಚಿಕಿತ್ಸೆ ಬೇಕೇ, ಮನೆಯಲ್ಲೇ ಇರಬೇಕೇ ಎಂಬುದನ್ನು ಅವರನ್ನು ಹೊರಗಿಟ್ಟು ತೀರ್ಮಾನಿಸುವುದು ಸರಿಯೇ? ತಮ್ಮ ಜೀವನದ ಅತಿ ದೊಡ್ಡ ಮಾತನ್ನು ಅವರು ಒಬ್ಬರೇ, ಕತ್ತಲಲ್ಲಿ, ಊಹಿಸುತ್ತಾ ಮಲಗಿರುತ್ತಾರೆ. ಎಷ್ಟು ತಿಳಿಯಲು ಇಷ್ಟ ಎಂದು ಮೊದಲು ಅವರನ್ನೇ ಕೇಳೋಣ. ಆಮೇಲೆ ಅಷ್ಟನ್ನು, ಮೆಲ್ಲಗೆ, ಕೈ ಹಿಡಿದು ಹೇಳೋಣ. ತಂಡದ ಮೇಜಿನಲ್ಲಿ ಮೊದಲ ಕುರ್ಚಿ ರೋಗಿಯದೇ.

ಆ ಮೇಜಿನಲ್ಲಿ ಗುರುಗಳಿಗೂ ಒಂದು ಜಾಗವಿದೆ. ಉಪಶಾಮಕ ಆರೈಕೆಯಲ್ಲಿ ಆಧ್ಯಾತ್ಮಿಕ ಆಸರೆಯೂ ಸೇರಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ರೋಗಿಗಳ ಅಭ್ಯಂಗ ಸಂಸ್ಕಾರ ಉಸಿರು ನಿಲ್ಲುವ ಗಳಿಗೆಗೆ ಮಾತ್ರ ಮೀಸಲಲ್ಲ. ಗುರುಗಳು ಬಂದರೆ ರೋಗಿ ಹೆದರುತ್ತಾರೆ ಎಂದು ಕೊನೆಯವರೆಗೆ ತಡೆಯುವುದು ಬೇಡ. ಹಾಗೆಯೇ ಪ್ರಾರ್ಥನೆ ಇದೆಯಲ್ಲ ಎಂದು ಆಂಬುಲೆನ್ಸ್ ಕರೆಯುವುದನ್ನು ತಡಮಾಡುವುದೂ ಬೇಡ. ಆ ನಾಲ್ವರ ವಿಶ್ವಾಸ ಪ್ರಭುವಿಗೆ ಕಂಡದ್ದು ಅವರು ಮಾಡು ಬಿಚ್ಚಿದಾಗ.

ನಮ್ಮ ನಾಲ್ಕು ಮೂಲೆಗಳು

ಪ್ರಿಯರೇ, ಕೊನೆಗೆ ನಮ್ಮಿಂದ ಆಗುವ ಒಂದು ಸಣ್ಣ ಕೆಲಸವನ್ನು ಹೇಳಿ ಮುಗಿಸುತ್ತೇವೆ. ಪ್ರತಿ ಧರ್ಮಕೇಂದ್ರದಲ್ಲಿ, ಸಾಧ್ಯವಾದರೆ ಪ್ರತಿ ವಾರ್ಡಿನಲ್ಲಿ, ನಾಲ್ವರು ಒಂದಾಗಲಿ. ಒಬ್ಬರು ಫೋನು ಮತ್ತು ವಾಹನದ ಹೊಣೆ ಹೊರಲಿ. ಆಸ್ಪತ್ರೆಗಳ ಸಂಖ್ಯೆಗಳು ಅವರ ಬಳಿ ಇರಲಿ. ಒಬ್ಬರು ಕಾಗದಪತ್ರ ಮತ್ತು ಸರ್ಕಾರಿ ಯೋಜನೆಯ ಹೊಣೆ ಹೊರಲಿ. ಒಬ್ಬರು ಆಸ್ಪತ್ರೆಯಲ್ಲಿ ರಾತ್ರಿ ಕಾಯುವ ಸರದಿ ನೋಡಲಿ. ಒಬ್ಬರು ಮನೆಯಲ್ಲಿ ಉಳಿದ ಮಕ್ಕಳಿಗೆ, ಮುದುಕರಿಗೆ ರೊಟ್ಟಿ ಪಲ್ಯದ ವ್ಯವಸ್ಥೆ ಮಾಡಲಿ. ರೋಗಿ ಯಾವ ಧರ್ಮದವರು, ಯಾವ ಓಣಿಯವರು ಎಂದು ಕೇಳುವುದು ಬೇಡ.

ಕಮಲಾಪುರದ ಆ ತಾಯಿಯ ಮನೆಗೆ ಮತ್ತೊಮ್ಮೆ ಹೋಗೋಣ. ಅದೇ ಶನಿವಾರ. ಅಂಗಳದಲ್ಲಿ ಚಪ್ಪಲಿ ಕಳಚಿ ಬಿದ್ದಿದೆ. ಈ ಸಲ ಅದನ್ನು ಕಂಡ ಸೊಸೆಗೆ ಈ ಲೇಖನದ ನೆನಪಾಗುತ್ತದೆ ಎಂದುಕೊಳ್ಳೋಣ. ಸೋಮವಾರ ನೋಡೋಣ ಎಂದು ಯಾರೂ ಹೇಳುವುದಿಲ್ಲ. ಮೊಳೆಗೆ ನೇತುಹಾಕಿದ ಚೀಲ ಕೈಗೆ ಬರುತ್ತದೆ. ಪಕ್ಕದ ಮನೆಯವರು ಓಡಿ ಬರುತ್ತಾರೆ. ನಾಲ್ವರು ಸೇರಿ ಅವರನ್ನು ನೇರವಾಗಿ ಎತ್ತಿ ಮಲಗಿಸುತ್ತಾರೆ. ಕತ್ತಲಾಗುವ ಮೊದಲು ಆಂಬುಲೆನ್ಸ್ ಕಲಬುರಗಿಯ ದಾರಿ ಹಿಡಿದಿರುತ್ತದೆ. ಕ್ಯಾನ್ಸರ್ ಅವರನ್ನು ಬಿಟ್ಟು ಹೋಗುತ್ತದೆ ಎಂದು ನಾವು ಮಾತು ಕೊಡಲಾರೆವು. ಆದರೆ ಇನ್ನುಳಿದ ತಿಂಗಳುಗಳಲ್ಲಿ, ಅಥವಾ ವರ್ಷಗಳಲ್ಲಿ, ತಮ್ಮ ಹೊಸ್ತಿಲನ್ನು ತಾವೇ ದಾಟುವ ಅವಕಾಶ ಅವರಿಗೆ ಉಳಿಯಬಹುದು.

ಅದಕ್ಕಾಗಿ ನಮ್ಮ ನಮ್ಮ ಮೂಲೆಯನ್ನು ಬಿಡದೆ ಹಿಡಿಯೋಣ.